ಗ್ಲೂಕೋಸ್ ಸೆನ್ಸರ್ ಒಳಗಿನ ನ್ಯಾನೋ ಕಣಗಳು: ಎಲೆಕ್ಟ್ರಾನ್ ಬಂದದ್ದು ಎಲ್ಲಿಂದ?

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಗ್ಲುಕೋಮೀಟರ್ ನೀವೆಲ್ಲ ನೋಡಿರುತ್ತೀರಿ. ಬೆರಳು ಚುಚ್ಚಿ, ಸ್ಟ್ರಿಪ್‌ನ ತುದಿಯನ್ನು ರಕ್ತದ ಹನಿಗೆ ತಾಗಿಸಿದರೆ ಐದಾರು ಸೆಕೆಂಡಿನಲ್ಲಿ ಶುಗರ್ ಎಷ್ಟಿದೆ ಅಂತ ನಂಬರ್ ಬರುತ್ತದೆ. ನ್ಯಾನೋ ವಸ್ತುಗಳ, ಅಂದರೆ ನ್ಯಾನೋಮೀಟರ್ (ಮೀಟರ್‌ನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣ ವಸ್ತುಗಳ, ಮಾತಿಗೆ ಹೋಗುವ ಮೊದಲು ಆ ಕೆಲವು ಸೆಕೆಂಡುಗಳಲ್ಲಿ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ಅದು ಗೊತ್ತಿಲ್ಲದಿದ್ದರೆ ನ್ಯಾನೋ ಕಣ ಎಲ್ಲಿ ಸಹಾಯ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಅಂತ ಹೇಳುವುದಕ್ಕೇ ಆಗುವುದಿಲ್ಲ.

ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿರಿದಾದ ಸಂದು ಇದೆ. ರಕ್ತವನ್ನು ನಾವು ತಳ್ಳಬೇಕಾಗಿಲ್ಲ, ಸಂದೇ ಒಳಗೆ ಎಳೆದುಕೊಳ್ಳುತ್ತದೆ. ಈಗಿನ ಸ್ಟ್ರಿಪ್‌ಗಳಿಗೆ ಒಂದು ಮೈಕ್ರೋಲೀಟರ್ ರಕ್ತ, ಇಲ್ಲವೇ ಅದಕ್ಕಿಂತ ಕಡಿಮೆ ಸಾಕು. ಒಳಗೆ ಕಾರ್ಬನ್ ಅಥವಾ ತೆಳುವಾದ ಲೋಹದ ಎಲೆಕ್ಟ್ರೋಡ್ ಇದೆ. ಅದರ ಮೇಲೆ ಎರಡು ವಸ್ತುಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಒಂದು ಕಿಣ್ವ, ಅಂದರೆ ಎಂಜೈಮ್. ಇನ್ನೊಂದು ಫೆರಿಸಯನೈಡ್‌ನಂಥ ಸಣ್ಣ ರಾಸಾಯನಿಕ. ರಕ್ತ ತಾಗಿದ ಕೂಡಲೇ ಎರಡೂ ನೆನೆದು ಕರಗುತ್ತವೆ. ಕಿಣ್ವ ಒಂದೊಂದು ಗ್ಲೂಕೋಸ್ ಅಣುವಿನಿಂದಲೂ ಎರಡೆರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಫೆರಿಸಯನೈಡ್ ಅವನ್ನು ಕಿಣ್ವದಿಂದ ಪಡೆದು ಎಲೆಕ್ಟ್ರೋಡ್‌ಗೆ ಮುಟ್ಟಿಸುತ್ತದೆ. ಮೀಟರ್ ಅಳೆಯುವುದು ಆ ಕರೆಂಟನ್ನು. ಗ್ಲೂಕೋಸ್ ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ.

ಅಂದರೆ ಇಡೀ ಯಂತ್ರ ಎಲೆಕ್ಟ್ರಾನ್‌ಗಳ ಲೆಕ್ಕ. ಈ ಎಲೆಕ್ಟ್ರಾನ್ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇವತ್ತು ಪೂರ್ತಿ ಮಾತಾಡುತ್ತೇನೆ.

ಮೊದಲು ಕಿಣ್ವ. ಈ ಕ್ಷೇತ್ರದ ಹಳೆಯ ದುಡಿಮೆಗಾರ ಗ್ಲೂಕೋಸ್ ಆಕ್ಸಿಡೇಸ್. ಆಸ್ಪರ್ಜಿಲಸ್ ನೈಜರ್ ಅನ್ನುವ ಕಪ್ಪು ಬೂಷ್ಟಿನಿಂದ ತೆಗೆಯುತ್ತಾರೆ. ಅಗ್ಗ, ಗಟ್ಟಿಮುಟ್ಟು, ಬೇರೆ ಸಕ್ಕರೆಗಳನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಗ್ಲೂಕೋಸ್‌ನಲ್ಲೂ ಬೀಟಾ ರೂಪವನ್ನಷ್ಟೇ ಹಿಡಿಯುತ್ತದೆ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಇದು ಮೊದಲ ವಾರದಲ್ಲೇ ಕಾಟ ಕೊಡುತ್ತದೆ. ಬಾಟಲಿಯಲ್ಲಿ ಸಿಗುವ ಗ್ಲೂಕೋಸ್ ಪುಡಿ ಬಹುಪಾಲು ಆಲ್ಫಾ ರೂಪದಲ್ಲಿರುತ್ತದೆ. ಅದನ್ನು ನೀರಿಗೆ ಹಾಕಿ ಕೂಡಲೇ ಅಳೆದರೆ ರೀಡಿಂಗ್ ಕಡಿಮೆ ಬರುತ್ತದೆ. ದ್ರಾವಣವನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಎರಡೂ ರೂಪಗಳು ಒಂದು ಸಮತೋಲಕ್ಕೆ ಬರುತ್ತವೆ: ಬೀಟಾ ಸುಮಾರು 64 ಪಾಲು, ಆಲ್ಫಾ 36 ಪಾಲು. ಮರುದಿನ ಅಳೆದರೆ ರೀಡಿಂಗ್ ಸರಿಯಾಗುತ್ತದೆ. ಸೆನ್ಸರ್ ಸರಿ ಇಲ್ಲ ಅಂತ ಎಲೆಕ್ಟ್ರೋಡ್ ಬದಲಾಯಿಸುತ್ತಾ ಕೂರುವ ಮೊದಲು ದ್ರಾವಣಕ್ಕೆ ಎಷ್ಟು ಹೊತ್ತಾಯಿತು ಅಂತ ಕೇಳಿಕೊಳ್ಳಬೇಕು.

ಪ್ರಕೃತಿಯಲ್ಲಿ ಈ ಕಿಣ್ವ ತಾನು ಕಿತ್ತುಕೊಂಡ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಕೊಡುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಇದನ್ನೇ ಬಳಸಿಕೊಂಡರು. ಕ್ಲಾರ್ಕ್ ಆಗಲೇ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಮಾಡಿ ಹೆಸರಾಗಿದ್ದರು. ಅದರ ಮುಂದೆ ಒಂದು ಪೊರೆಯ ಹಿಂದೆ ಗ್ಲೂಕೋಸ್ ಆಕ್ಸಿಡೇಸ್ ಇಟ್ಟರೆ, ಗ್ಲೂಕೋಸ್ ಬಂದಷ್ಟೂ ಆಮ್ಲಜನಕ ಖರ್ಚಾಗುತ್ತದೆ, ಕರೆಂಟ್ ಇಳಿಯುತ್ತದೆ. ಆ ಇಳಿತವೇ ಅಳತೆ. 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಕಿಣ್ವವನ್ನು ಜೆಲ್‌ನಲ್ಲಿ ಹಿಡಿದಿಟ್ಟು ಕೆಲಸ ಮಾಡಿಸಿ ತೋರಿಸಿದರು. 1973ರಲ್ಲಿ ಗಿಲ್ಬೋ ಮತ್ತು ಲುಬ್ರಾನೋ ಆಮ್ಲಜನಕದ ಇಳಿತ ಬಿಟ್ಟು, ಹುಟ್ಟಿದ ಪೆರಾಕ್ಸೈಡನ್ನೇ ಪ್ಲಾಟಿನಂ ಮೇಲೆ ಅಳೆದರು. ಕ್ಲಾರ್ಕ್ ಅವರ ಇಳಿತದ ಅಳತೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅದು ತುಂಬ ಮುಖ್ಯವಾಗುತ್ತದೆ.

ಪೆರಾಕ್ಸೈಡ್ ಅಳೆಯುವ ದಾರಿಯಲ್ಲಿ ಎರಡು ತೊಡಕು. ಪ್ಲಾಟಿನಂ ಮೇಲೆ ಅದನ್ನು ಸುಡಲು, ಅಂದರೆ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು, 0.6ರಿಂದ 0.7 ವೋಲ್ಟ್ ಕೊಡಬೇಕು. ಅಷ್ಟು ಕೊಟ್ಟರೆ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಮ್ಲ, ನುಂಗಿದ ಪ್ಯಾರಾಸಿಟಮಾಲ್ ಇವೂ ಅಲ್ಲೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಮೀಟರ್‌ಗೆ ಅದೂ ಗ್ಲೂಕೋಸ್ ಥರವೇ ಕಾಣುತ್ತದೆ. ಇನ್ನೊಂದು ತೊಡಕು ಆಮ್ಲಜನಕದ್ದೇ. ಚರ್ಮದ ಕೆಳಗಿನ ದ್ರವದಲ್ಲಿ ಗ್ಲೂಕೋಸ್ ಸುಮಾರು 5 ಮಿಲಿಮೋಲಾರ್ (ದ್ರವದಲ್ಲಿ ಎಷ್ಟು ಅಣುಗಳು ಕರಗಿವೆ ಅನ್ನುವುದರ ಅಳತೆ) ಇದ್ದರೆ, ಕರಗಿದ ಆಮ್ಲಜನಕ ಅದರ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. ಕೊಡಲು ಜಾಸ್ತಿ, ತೆಗೆದುಕೊಳ್ಳುವವರು ಕಡಿಮೆ. ಹೀಗಾಗಿ ಚರ್ಮದಡಿಯ ಸೆನ್ಸರ್‌ಗಳ ಮೇಲೆ ಗ್ಲೂಕೋಸನ್ನು ತಡೆತಡೆದು, ಆಮ್ಲಜನಕವನ್ನು ಸಲೀಸಾಗಿ ಬಿಡುವ ಪೊರೆ ಹಾಕಬೇಕಾಯಿತು.

ಈ ತೊಡಕುಗಳಿಂದ ಹೊರಬರಲು ಕಿಣ್ವದಿಂದ ಎಲೆಕ್ಟ್ರಾನ್ ಪಡೆದು ಎಲೆಕ್ಟ್ರೋಡ್‌ಗೆ ಮುಟ್ಟಿಸುವ, ಫೆರೋಸೀನ್‌ನಂಥ ಮಧ್ಯವರ್ತಿ ಅಣುಗಳು ಬಂದವು. 1984ರ ಕೆಲಸ ಅದು. 1987ರಲ್ಲಿ ಅದೇ ತತ್ವದ ಎಕ್ಸಾಕ್‌ಟೆಕ್ ಅನ್ನುವ ಪೆನ್ನಿನಂಥ ಮೀಟರ್ ಮಾರುಕಟ್ಟೆಗೆ ಬಂತು. ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಎಲೆಕ್ಟ್ರೋಕೆಮಿಕಲ್ ಮೀಟರ್‌ಗಳ ಕಾಲ ಶುರುವಾದದ್ದು ಹಾಗೆ.

ಹಾಗಾದರೆ ಕಿಣ್ವದಿಂದ ಎಲೆಕ್ಟ್ರೋಡ್‌ಗೆ ಎಲೆಕ್ಟ್ರಾನ್ ನೇರವಾಗಿ ಯಾಕೆ ಹಾರುವುದಿಲ್ಲ? ಮಧ್ಯವರ್ತಿ ಯಾಕೆ ಬೇಕು?

ಈ ಕಿಣ್ವವನ್ನು ಒಂದು ದೊಡ್ಡ ಮನೆ ಅಂದುಕೊಳ್ಳಿ. ಕೆಲಸ ನಡೆಯುವುದು ನಡುವಿನ ಒಳಕೋಣೆಯಲ್ಲಿ. ಅಲ್ಲಿ ಎಫ್‌ಎಡಿ ಅನ್ನುವ ಅಣು ಕೂತಿದೆ, ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ತೆಗೆದುಕೊಳ್ಳುವುದು ಅದೇ. ಗ್ಲೂಕೋಸ್, ಆಮ್ಲಜನಕದಂಥ ಸಣ್ಣವರು ಬಾಗಿಲಿಂದ ಒಳಗೆ ಹೋಗಿ ಬರಬಹುದು. ಎಲೆಕ್ಟ್ರೋಡ್ ಮಾತ್ರ ಹೊರಗಿನ ಬೀದಿ, ಅದು ಒಳಗೆ ಬರುವಂತಿಲ್ಲ. ಕಿಣ್ವದ ಅಗಲ 7 ನ್ಯಾನೋಮೀಟರ್ ಆಸುಪಾಸು. ಎಫ್‌ಎಡಿ ಹೊರಮೈಯಿಂದ ಒಂದೂಕಾಲು ನ್ಯಾನೋಮೀಟರ್‌ಗಿಂತ ಜಾಸ್ತಿ ಒಳಗಿದೆ, ಮೇಲೆ ಸಕ್ಕರೆ ಸರಪಳಿಗಳ ಇನ್ನೊಂದು ಹೊದಿಕೆ. ಪ್ರೊಟೀನ್ ಒಳಗೆ ಎಲೆಕ್ಟ್ರಾನ್ ಹಾರುವ ವೇಗ ದೂರ ಪ್ರತಿ 0.17 ನ್ಯಾನೋಮೀಟರ್ ಹೆಚ್ಚಾದಾಗಲೂ ಸುಮಾರು ಹತ್ತು ಪಟ್ಟು ಇಳಿಯುತ್ತದೆ. 1.4 ನ್ಯಾನೋಮೀಟರ್ ದಾಟಿದರೆ ಕೆಲಸಕ್ಕೆ ಬರುವಷ್ಟು ವೇಗ ಉಳಿಯುವುದಿಲ್ಲ. ಪ್ರಕೃತಿ ಇದನ್ನು ಹೀಗೆ ಕಟ್ಟಿರುವುದಕ್ಕೆ ಕಾರಣವೂ ಇದೆ: ಎಲೆಕ್ಟ್ರಾನ್ ಸಿಕ್ಕಸಿಕ್ಕ ಕಡೆ ಸೋರಿಹೋಗಬಾರದು.

ಈಗ ನ್ಯಾನೋ ವಸ್ತುಗಳಿಗೆ ಬರೋಣ.

ಎಲ್ಲರಿಗೂ ಗೊತ್ತಿರುವ ಲಾಭ ಮೇಲ್ಮೈ. ಒಂದು ಸೆಂಟಿಮೀಟರ್ ಘನಕ್ಕೆ ಆರು ಚದರ ಸೆಂಟಿಮೀಟರ್ ಮೈ ಇದೆ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಒಡೆದರೆ ಒಟ್ಟು ಮೈ 600 ಚದರ ಮೀಟರ್ ಆಗುತ್ತದೆ. ಎಲೆಕ್ಟ್ರೋಡ್‌ಗೆ ನ್ಯಾನೋ ಕಣ ಬಳಿದರೆ ಜಾಸ್ತಿ ಕಿಣ್ವ ಹಿಡಿಸುತ್ತದೆ, ಪೆರಾಕ್ಸೈಡ್ ತಪ್ಪಿಸಿಕೊಳ್ಳುವ ಮೊದಲೇ ಸಿಗುತ್ತದೆ. ಇದು ನಿಜ. ಆದರೆ ಮೈ ಹೆಚ್ಚಿದ ಹಾಗೆ ಏನೂ ಇಲ್ಲದಾಗ ಹರಿಯುವ ಹಿನ್ನೆಲೆ ಕರೆಂಟ್ ಕೂಡ ಹೆಚ್ಚುತ್ತದೆ. ಹಾಗಾಗಿ ಸಿಗ್ನಲ್ ಎಷ್ಟು ಪಟ್ಟು ಹೆಚ್ಚಿತು ಅಂತ ಮಾತ್ರ ಹೇಳಿದರೆ ಸಾಲದು. ಗದ್ದಲ ಎಷ್ಟು ಹೆಚ್ಚಿತು ಅಂತಲೂ ಹೇಳಬೇಕು.

ನನಗೆ ತುಂಬ ಇಷ್ಟವಾದ ಕೆಲಸ ಪ್ರಶಿಯನ್ ಬ್ಲೂ ಬಗ್ಗೆ ನಡೆದದ್ದು. ಚಿತ್ರಕಾರರು ಮುನ್ನೂರು ವರ್ಷದಿಂದ ಬಳಸುತ್ತಿರುವ ಅದೇ ನೀಲಿ ಬಣ್ಣ. ಕಬ್ಬಿಣ ಮತ್ತು ಸಯನೈಡ್ ಸೇರಿದ ಹರಳು. ಇದರ ತೆಳು ಪದರ ಪೆರಾಕ್ಸೈಡನ್ನು ಸೊನ್ನೆ ವೋಲ್ಟ್‌ನ ಆಸುಪಾಸಿನಲ್ಲೇ ಹಿಡಿಯುತ್ತದೆ. ಆ ವೋಲ್ಟೇಜ್‌ನಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲದ ಕಾಟ ಬಹುಮಟ್ಟಿಗೆ ಇರುವುದಿಲ್ಲ. ಅರ್ಕಾಡಿ ಕರ್ಯಾಕಿನ್ ಇದನ್ನು ಕೃತಕ ಪೆರಾಕ್ಸಿಡೇಸ್, ಅಂದರೆ ಪೆರಾಕ್ಸೈಡ್ ಮೇಲೆ ಕೆಲಸ ಮಾಡುವ ಕಿಣ್ವದಂಥದ್ದು, ಅಂತಲೇ ಕರೆದರು. ಒಂದು ಕೊರತೆ: ದ್ರಾವಣ ಸ್ವಲ್ಪ ಕ್ಷಾರದ ಕಡೆ ವಾಲಿದರೂ ಪದರ ಕರಗತೊಡಗುತ್ತದೆ. ರಕ್ತದ ಪಿಎಚ್ 7.4 ಅನ್ನುವುದನ್ನು ನೆನೆಸಿಕೊಂಡರೆ ಇದು ಸಣ್ಣ ಕೊರತೆಯಲ್ಲ. ಅದನ್ನು ಗಟ್ಟಿ ಮಾಡುವುದಕ್ಕೇ ಎಷ್ಟೋ ಜನ ದುಡಿದಿದ್ದಾರೆ.

ಕಿಣ್ವವನ್ನು ಹಿಡಿದಿಡುವ ವಿಷಯದಲ್ಲಿ ಜಿಂಕ್ ಆಕ್ಸೈಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ನ್ಯಾನೋ ಕಡ್ಡಿಗಳು ಪಿಎಚ್ 9.5ರ ತನಕ ಧನ ವಿದ್ಯುದಂಶ ಹೊತ್ತಿರುತ್ತವೆ. ಗ್ಲೂಕೋಸ್ ಆಕ್ಸಿಡೇಸ್ 4.2ರ ಮೇಲೆ ಋಣ ವಿದ್ಯುದಂಶದ್ದು. ಪಿಎಚ್ 7.4ರಲ್ಲಿ ಎರಡನ್ನೂ ಸೇರಿಸಿದರೆ ತಾವಾಗಿ ಅಂಟಿಕೊಳ್ಳುತ್ತವೆ. ಕಿಣ್ವಕ್ಕೆ ಏಟು ಕೊಡುವ ಗ್ಲೂಟರಾಲ್ಡಿಹೈಡ್‌ನಂಥ ಅಂಟಿಸುವ ರಾಸಾಯನಿಕ ಬೇಕಾಗುವುದಿಲ್ಲ.

ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಮುಂದಿನ ಮಾತಿನಲ್ಲಿ: ನ್ಯಾನೋ ವಸ್ತು ಒಂದು ತಂತಿಯ ಹಾಗೆ ಒಳಗಿನ ಎಫ್‌ಎಡಿಯನ್ನೇ ತಲುಪಿ ಎಲೆಕ್ಟ್ರಾನ್ ಹೊರಗೆ ತರುತ್ತದೆಯೇ?

ತರಬಹುದು ಅಂತ ತೋರಿಸಿದ ಒಂದು ಸೊಗಸಾದ ಪ್ರಯೋಗ ಇದೆ. 2003ರಲ್ಲಿ ಇತಮಾರ್ ವಿಲ್ನರ್ ಅವರ ಗುಂಪು ಮಾಡಿದ್ದು. ಅವರು ಮೊದಲು ಕಿಣ್ವದಿಂದ ಎಫ್‌ಎಡಿಯನ್ನು ಹೊರತೆಗೆದರು. 1.4 ನ್ಯಾನೋಮೀಟರ್‌ನ ಚಿನ್ನದ ಕಣಕ್ಕೆ ಹೊಸ ಎಫ್‌ಎಡಿಯನ್ನು ಅಂಟಿಸಿದರು. ಆ ಎಫ್‌ಎಡಿಯ ಸುತ್ತ ಖಾಲಿ ಕಿಣ್ವ ಮತ್ತೆ ಮಡಚಿಕೊಳ್ಳುವ ಹಾಗೆ ಮಾಡಿದರು. ಚಿನ್ನದ ಕಣದ ಇನ್ನೊಂದು ತುದಿ ಎಲೆಕ್ಟ್ರೋಡ್‌ಗೆ ಕಟ್ಟಿತ್ತು. ಆಮ್ಲಜನಕಕ್ಕೆ ಕೊಡುವಾಗ ಈ ಕಿಣ್ವದ ಕೆಲಸದ ವೇಗ ಸೆಕೆಂಡಿಗೆ 700 ಸುತ್ತಿನಷ್ಟು. ಚಿನ್ನದ ದಾರಿಯಲ್ಲಿ ಅದು ಸುಮಾರು 5000ಕ್ಕೆ ಏರಿತು. ಮುಂದಿನ ವರ್ಷ ಇದೇ ಗುಂಪು ಕಾರ್ಬನ್ ನ್ಯಾನೋ ಟ್ಯೂಬ್, ಅಂದರೆ ಕಾರ್ಬನ್ ಪರಮಾಣುಗಳ ಅತಿ ಸಣ್ಣ ಕೊಳವೆಯ ತುದಿಗೆ ಎಫ್‌ಎಡಿ ಅಂಟಿಸಿ 150 ನ್ಯಾನೋಮೀಟರ್ ದೂರಕ್ಕೂ ಎಲೆಕ್ಟ್ರಾನ್ ಸಾಗಿಸಿತು. ಇಲ್ಲಿ ಗಮನಿಸಬೇಕಾದ್ದು ಒಂದು. ಚಿನ್ನ ಪಕ್ಕದಲ್ಲಿ ಸುಮ್ನೆ ಇದ್ದದ್ದಕ್ಕೆ ಈ ಫಲ ಬರಲಿಲ್ಲ. ಕಿಣ್ವವನ್ನು ಬಿಚ್ಚಿ, ಒಳಗಿನಿಂದಲೇ ತಂತಿ ಎಳೆದು, ಮತ್ತೆ ಕಟ್ಟಿದ್ದಕ್ಕೆ ಬಂತು.

ಇದರ ಆಸುಪಾಸಿನ ವರ್ಷಗಳಲ್ಲೇ ಬೇರೆ ಬಗೆಯ ವರದಿಗಳು ಸಾಲುಗಟ್ಟಿ ಬಂದವು. ಮೊದಲು ನ್ಯಾನೋ ಟ್ಯೂಬ್, ಆಮೇಲೆ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ವಿಧಾನ ಹೆಚ್ಚುಕಡಿಮೆ ಒಂದೇ. ಮೂರು ಮಿಲಿಮೀಟರ್‌ನ ಕಾರ್ಬನ್ ಎಲೆಕ್ಟ್ರೋಡನ್ನು ಅಲ್ಯೂಮಿನಾ ಪುಡಿಯಲ್ಲಿ ಕನ್ನಡಿಯಂತಾಗುವ ತನಕ ತಿಕ್ಕುತ್ತಾರೆ. ನ್ಯಾನೋ ಟ್ಯೂಬ್ ಕಲಸಿದ ನೀರಿನ ಐದು ಮೈಕ್ರೋಲೀಟರ್ ಹನಿ ಇಟ್ಟು ಒಣಗಿಸುತ್ತಾರೆ. ಹನಿ ಒಣಗುವಾಗ ಕಣಗಳೆಲ್ಲ ಅಂಚಿಗೆ ಓಡಿ ಉಂಗುರದ ಹಾಗೆ ಕೂರುತ್ತವೆ, ನಡುವೆ ತೆಳ್ಳಗಾಗುತ್ತದೆ. ಅದೇ ಕೈ, ಅದೇ ಬಾಟಲಿ, ಆದರೂ ಎರಡು ಎಲೆಕ್ಟ್ರೋಡ್ ಒಂದೇ ರೀಡಿಂಗ್ ಕೊಡದಿರಲು ಇದೊಂದು ಕಾರಣ. ಮೇಲೆ ಕಿಣ್ವದ ಹನಿ, ಅದರ ಮೇಲೆ ಹಿಡಿದಿಡಲು ನ್ಯಾಫಿಯಾನ್ ಅಥವಾ ಕೈಟೋಸಾನ್ ಅನ್ನುವ ಪಾಲಿಮರ್ ಪದರ. ಆಮೇಲೆ ವೋಲ್ಟೇಜನ್ನು ಹಿಂದೆ ಮುಂದೆ ಓಡಿಸಿ ಕರೆಂಟ್ ನೋಡಿದರೆ ಮೈನಸ್ 0.45 ವೋಲ್ಟ್ ಹತ್ತಿರ ಒಂದು ಜೊತೆ ಚೂಪಾದ ಉಬ್ಬು ಕಾಣುತ್ತದೆ. ಇದೇ ಎಫ್‌ಎಡಿಯ ಉಬ್ಬು, ಎಲೆಕ್ಟ್ರಾನ್ ನೇರವಾಗಿ ಬರುತ್ತಿದೆ ಅಂತ ಬರೆದರು.

ಉಬ್ಬು ಎಫ್‌ಎಡಿಯದ್ದೇ ಇರಬಹುದು. ಆದರೆ ಅದು ಕಿಣ್ವದ ಒಳಗಿದೆಯೋ, ಕಳಚಿಬಿದ್ದು ನ್ಯಾನೋ ಟ್ಯೂಬ್‌ಗೆ ಅಂಟಿಕೊಂಡಿದೆಯೋ? ಬಿಡಿ ಎಫ್‌ಎಡಿಯನ್ನು ಹಾಕಿದರೂ ಉಬ್ಬು ಅಲ್ಲೇ ಬರುತ್ತದೆ. ಕಾರ್ಬನ್ ಮೈಗೆ ಒತ್ತಿಕೊಂಡ ಕಿಣ್ವ ಕೆಲವೊಮ್ಮೆ ಬಿಚ್ಚಿಕೊಂಡು ಎಫ್‌ಎಡಿಯನ್ನು ಬಿಟ್ಟುಬಿಡುತ್ತದೆ.

ಪರೀಕ್ಷೆ ಕಷ್ಟದ್ದೇನಲ್ಲ. ಆರ್ಗಾನ್ ಅನಿಲವನ್ನು ದ್ರಾವಣದಲ್ಲಿ ಗುಳುಗುಳು ಬಿಟ್ಟು ಆಮ್ಲಜನಕವನ್ನು ಪೂರ್ತಿ ಓಡಿಸಿ. ಮಧ್ಯವರ್ತಿ ಏನೂ ಹಾಕಬೇಡಿ. ಈಗ ಗ್ಲೂಕೋಸ್ ಸೇರಿಸಿ. ನಿಜವಾಗಿ ಕಿಣ್ವದಿಂದ ಎಲೆಕ್ಟ್ರಾನ್ ನೇರ ಬರುತ್ತಿದ್ದರೆ ಆಕ್ಸಿಡೇಷನ್ ಕರೆಂಟ್ ಏರಲೇಬೇಕು. ಎಷ್ಟೋ ವರದಿಗಳಲ್ಲಿ ಅದು ಏರಿಲ್ಲ. ಅವರು ತೋರಿಸಿದ್ದು ಗಾಳಿಯಾಡುವ ದ್ರಾವಣದಲ್ಲಿ ಗ್ಲೂಕೋಸ್ ಹಾಕಿದಾಗ ಕರೆಂಟ್ ಇಳಿಯುವುದನ್ನು. ಈಗ ಕ್ಲಾರ್ಕ್ ಅವರನ್ನು ನೆನೆಸಿಕೊಳ್ಳಿ. ಎಲೆಕ್ಟ್ರೋಡ್ ಆಮ್ಲಜನಕವನ್ನು ಅಳೆಯುತ್ತಿದೆ, ಕಿಣ್ವ ಆಮ್ಲಜನಕವನ್ನು ತಿನ್ನುತ್ತಿದೆ, ಕರೆಂಟ್ ಇಳಿಯುತ್ತಿದೆ. ಇದು 1962ರ ಸೆನ್ಸರ್ ಅಲ್ವಾ? ಗ್ರಾಫೀನ್ ಅದನ್ನು ಇನ್ನಷ್ಟು ಚುರುಕು ಮಾಡಿರಬಹುದು. ಆದರೆ ಎಲೆಕ್ಟ್ರಾನ್ ಬಂದ ದಾರಿ ಮಾತ್ರ ಹೇಳಿಕೊಂಡಿದ್ದಲ್ಲ.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜಾರ್ಜ್ ವಿಲ್ಸನ್ 2016ರಲ್ಲಿ ಇದನ್ನು ಖಡಾಖಂಡಿತವಾಗಿ ಬರೆದರು: ಸಹಜ ರೂಪದ ಗ್ಲೂಕೋಸ್ ಆಕ್ಸಿಡೇಸ್ ನೇರ ಎಲೆಕ್ಟ್ರಾನ್ ವರ್ಗಾವಣೆ ಮಾಡುವುದಿಲ್ಲ. 2018ರಲ್ಲಿ ಸೌತಾಂಪ್ಟನ್‌ನ ಫಿಲಿಪ್ ಬಾರ್ಟ್‌ಲೆಟ್ ಮತ್ತು ಫಿರಾಸ್ ಅಲ್-ಲೊಲಾಗೆ ಇಬ್ಬರೂ ನ್ಯಾನೋ ಟ್ಯೂಬ್ ಮತ್ತು ಗ್ರಾಫೀನ್ ವರದಿಗಳನ್ನು ಜಾಲಾಡಿ, ಅಂಥದ್ದಕ್ಕೆ ಪುರಾವೆ ಇಲ್ಲ ಅಂದರು. ಇದಕ್ಕೂ ಹನ್ನೆರಡು ವರ್ಷ ಮೊದಲೇ, 2006ರಲ್ಲಿ, ಆಕ್ಸ್‌ಫರ್ಡ್‌ನ ರಿಚರ್ಡ್ ಕಾಂಪ್ಟನ್ ಅವರ ಗುಂಪು ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ನ್ಯಾನೋ ಟ್ಯೂಬ್ ಎಲೆಕ್ಟ್ರೋಡ್ ಪೆರಾಕ್ಸೈಡನ್ನು ಚೆನ್ನಾಗಿ ಹಿಡಿಯುವುದಕ್ಕೆ ಕಾರಣ ಟ್ಯೂಬ್ ಬೆಳೆಸುವಾಗ ಒಳಗೆ ಉಳಿದುಹೋದ ಕಬ್ಬಿಣದ ಆಕ್ಸೈಡ್ ಚೂರುಗಳು ಅಂತ ಅವರು ತೋರಿಸಿದರು. ಕೀರ್ತಿ ಕಾರ್ಬನ್‌ಗೆ ಹೋಗಿತ್ತು, ಕೆಲಸ ಮಾಡಿದ್ದು ಕಬ್ಬಿಣ.

ಇದನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣ ಇದೆ. ಸೆನ್ಸರ್ ಯಾಕೆ ಕೆಲಸ ಮಾಡುತ್ತಿದೆ ಅಂತ ತಪ್ಪು ತಿಳಿದರೆ, ಅದು ಕೈಕೊಡುವುದು ಯಾವಾಗ ಅನ್ನುವುದೂ ತಪ್ಪಾಗಿ ತಿಳಿಯುತ್ತದೆ. ಆಮ್ಲಜನಕವನ್ನು ನೆಚ್ಚಿದ ಸೆನ್ಸರನ್ನು ಆಮ್ಲಜನಕ ಬೇಡದ ಸೆನ್ಸರ್ ಅಂದುಕೊಂಡು ಒಬ್ಬ ರೋಗಿಯ ಚರ್ಮದಡಿಗೆ ಹಾಕಿದರೆ, ಆಮ್ಲಜನಕ ಏರಿಳಿದಾಗಲೆಲ್ಲ ಶುಗರ್ ನಂಬರ್ ಏರಿಳಿಯುತ್ತದೆ. ಆ ನಂಬರ್ ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆ.

ಮಧ್ಯವರ್ತಿಯನ್ನು ತಂತಿಯಾಗಿಸುವ ಇನ್ನೊಂದು ದಾರಿ ಆ್ಯಡಮ್ ಹೆಲ್ಲರ್ ಅವರದ್ದು. ಆಸ್ಮಿಯಂ ಲೋಹದ ಅಣುಗಳನ್ನು ಪಾಲಿಮರ್ ಎಳೆಗೆ ಪೋಣಿಸಿ, ನೀರು ಹೀರುವ ಜೆಲ್ ಮಾಡಿ, ಕಿಣ್ವವನ್ನು ಅದರಲ್ಲಿ ಹುದುಗಿಸಿದರು. ಎಲೆಕ್ಟ್ರಾನ್ ಒಂದು ಆಸ್ಮಿಯಂನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಎಲೆಕ್ಟ್ರೋಡ್ ಸೇರುತ್ತದೆ. ತೋಳಿಗೆ ಅಂಟಿಸಿಕೊಂಡು 14 ದಿನ ಇಟ್ಟುಕೊಳ್ಳುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಈ ದಾರಿಯದ್ದು. ಸಾಧಾರಣ ಪಾಲಿಮರ್ ಕೆಲಸ, ಕೋಟ್ಯಂತರ ಅಳತೆಗಳು ಅದರ ಮೇಲೆ ನಿಂತಿವೆ.

ಹಾಗಾದರೆ ನ್ಯಾನೋ ವಸ್ತುವಿನ ಅಗತ್ಯ ಎಲ್ಲಿದೆ? ರಕ್ತದ ಸ್ಟ್ರಿಪ್‌ನಲ್ಲಿ ಅಷ್ಟಾಗಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಡೆಸಿಲೀಟರ್‌ಗೆ 90 ಮಿಲಿಗ್ರಾಂ ಅಂದರೆ 5 ಮಿಲಿಮೋಲಾರ್. ಅಳೆಯುವವರ ದೃಷ್ಟಿಯಲ್ಲಿ ಅದು ಧಾರಾಳವಾದ ಪ್ರಮಾಣ. ನ್ಯಾನೋಮೋಲಾರ್, ಅಂದರೆ ಮಿಲಿಮೋಲಾರ್‌ನ ಹತ್ತು ಲಕ್ಷದಲ್ಲೊಂದು ಪಾಲಿನ ಮಟ್ಟದ ಗ್ಲೂಕೋಸನ್ನೂ ಹಿಡಿಯುತ್ತದೆ ಅನ್ನುವ ಸೆನ್ಸರ್‌ಗೆ ರಕ್ತದಲ್ಲಿ ಕೆಲಸವಿಲ್ಲ. ಅಲ್ಲಿ ಬೇಕಾಗಿರುವುದು ಲಕ್ಷಾಂತರ ಸ್ಟ್ರಿಪ್‌ಗಳೂ ಒಂದೇ ರೀಡಿಂಗ್ ಕೊಡುವುದು. ಗ್ಲುಕೋಮೀಟರ್‌ಗಳಿಗಿರುವ ಅಂತಾರಾಷ್ಟ್ರೀಯ ಮಾನದಂಡ, 2013ರ ಐಎಸ್‌ಓ 15197 ನಿಯಮ ಕೇಳುವುದೂ ಅದನ್ನೇ: 100 ಮಿಲಿಗ್ರಾಂ ಮತ್ತು ಅದರ ಮೇಲೆ ನೂರಕ್ಕೆ 95 ರೀಡಿಂಗ್‌ಗಳು ಶೇಕಡ 15ರ ಒಳಗಿರಬೇಕು, ಅದಕ್ಕಿಂತ ಕೆಳಗೆ 15 ಮಿಲಿಗ್ರಾಂ ಒಳಗೆ.

ಬೆವರಿನ ಮಾತು ಬೇರೆ. ಅಲ್ಲಿ ಗ್ಲೂಕೋಸ್ ರಕ್ತಕ್ಕಿಂತ ನೂರು ಪಟ್ಟು ಕಡಿಮೆ. 2016ರಲ್ಲಿ ಬರ್ಕ್ಲಿಯ ಅಲಿ ಜಾವೆ ಅವರ ಗುಂಪು ಮಾಡಿದ, ಬೆವರು ಅಳೆಯಲು ಮೈಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ ಪ್ರಶಿಯನ್ ಬ್ಲೂ, ಅದರ ಮೇಲೆ ಕೈಟೋಸಾನ್, ಕಾರ್ಬನ್ ನ್ಯಾನೋ ಟ್ಯೂಬ್, ಗ್ಲೂಕೋಸ್ ಆಕ್ಸಿಡೇಸ್ ಎಲ್ಲ ಇದ್ದವು. ಅಲ್ಲಿ ನ್ಯಾನೋ ವಸ್ತು ತನ್ನ ಅನ್ನ ತಾನು ದುಡಿಯುತ್ತದೆ. ಬೆವರಿನ ನಂಬರ್ ರಕ್ತದ ನಂಬರ್ ಹಿಂದೆಯೇ ನಡೆಯುತ್ತದೆಯೇ ಅನ್ನುವುದು ದೇಹಕ್ಕೆ ಕೇಳಬೇಕಾದ ಪ್ರಶ್ನೆ, ಎಲೆಕ್ಟ್ರೋಡ್ ಅದಕ್ಕೆ ಉತ್ತರ ಕೊಡಲಾರದು. 2014ರಲ್ಲಿ ಗೂಗಲ್ ಪ್ರಕಟಿಸಿದ ಕಣ್ಣೀರಿನ ಗ್ಲೂಕೋಸ್ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ 2018ರಲ್ಲಿ ನಿಂತದ್ದು ಇಂಥದ್ದೇ ಕಾರಣಕ್ಕೆ. ಕಣ್ಣೀರಿನ ಅಳತೆಗೂ ರಕ್ತದ ಅಳತೆಗೂ ಭರವಸೆಯ ತಾಳೆ ಸಿಗಲಿಲ್ಲ.

ಇನ್ನು ಪ್ರಶ್ನೆಗಳು.

ಕಿಣ್ವವೇ ಬೇಡ, ತಾಮ್ರ ಅಥವಾ ನಿಕ್ಕಲ್ ನ್ಯಾನೋ ಕಣ ಸಾಕು ಅನ್ನುತ್ತಾರಲ್ಲ ಅಂತ ಒಬ್ಬರು ಕೇಳಿದರು. ಅವು ಗ್ಲೂಕೋಸನ್ನು ಚೆನ್ನಾಗಿಯೇ ಸುಡುತ್ತವೆ, ಆದರೆ ಸಾಮಾನ್ಯವಾಗಿ ಪಿಎಚ್ 13ರ ಹತ್ತಿರದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ. ರಕ್ತದ ಹನಿಯನ್ನು ಮೊದಲು ಅದಕ್ಕೆ ಬೆರೆಸಬೇಕು. ಮೇಲಾಗಿ ಇತರ ಸಕ್ಕರೆಗಳನ್ನೂ ಅವು ಸುಡುತ್ತವೆ. ಕಿಣ್ವದ ಆಯ್ಕೆಯ ಗುಣ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ.

ನ್ಯಾನೋ ಕಣ ಮೈಯೊಳಗೆ ಸೋರಿದರೆ ಅಪಾಯವಿಲ್ಲವೇ ಅಂತ ಇನ್ನೊಬ್ಬರು. ಸ್ಟ್ರಿಪ್ ಹೊರಗೇ ಇರುತ್ತದೆ, ಆ ಚಿಂತೆ ಇಲ್ಲ. ಚರ್ಮದಡಿಯ ಸೆನ್ಸರ್‌ನಲ್ಲಿ ಈ ಪ್ರಶ್ನೆ ಮೊದಲು ಬರಬೇಕು. ಕಣವನ್ನು ಎಲೆಕ್ಟ್ರೋಡ್‌ಗೆ ಹೇಗೆ ಕಟ್ಟಿದ್ದಾರೆ, ದಿನಗಟ್ಟಲೆ ದ್ರವದಲ್ಲಿಟ್ಟರೆ ಎಷ್ಟು ಬಿಡುತ್ತದೆ ಅನ್ನುವುದನ್ನು ಅಳೆದು ತೋರಿಸದ ಕೆಲಸವನ್ನು ನಾನು ಮೈಯೊಳಗಿನ ಬಳಕೆಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೇರ ಎಲೆಕ್ಟ್ರಾನ್ ವರ್ಗಾವಣೆ ಅಂದರೆ ಕನಸೇನಾ, ಆಗುವುದೇ ಇಲ್ವಾ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಗುತ್ತದೆ, ಕಿಣ್ವ ಬೇರೆ ಇರಬೇಕು. ಬರ್ಕ್‌ಹೋಲ್ಡೇರಿಯಾ ಸೆಪೇಷಿಯಾ ಅನ್ನುವ ಬ್ಯಾಕ್ಟೀರಿಯಾದಲ್ಲಿ ಗ್ಲೂಕೋಸ್ ಡಿಹೈಡ್ರೋಜಿನೇಸ್ ಅನ್ನುವ ಒಂದು ಕಿಣ್ವ ಇದೆ. ಕೋಜಿ ಸೊಡೆ ಅವರ ಗುಂಪು ಅದರ ಮೇಲೆ ತುಂಬ ಕೆಲಸ ಮಾಡಿದೆ. ಅದರಲ್ಲಿ ಎಫ್‌ಎಡಿ ಇರುವ ಭಾಗಕ್ಕೆ ಇನ್ನೊಂದು ಪ್ರೊಟೀನ್ ಸೇರಿಕೊಂಡಿದೆ. ಆ ಪ್ರೊಟೀನ್‌ನಲ್ಲಿ ಮೂರು ಹೀಮ್‌ಗಳಿವೆ, ಅಂದರೆ ಕಬ್ಬಿಣ ಹಿಡಿದಿರುವ ಮೂರು ಅಣುಗಳು. ಎಫ್‌ಎಡಿಯಿಂದ ಹೊರಟ ಎಲೆಕ್ಟ್ರಾನ್ ಒಂದು ಹೀಮ್‌ನಿಂದ ಇನ್ನೊಂದಕ್ಕೆ ದಾಟಿ ಹೊರಮೈ ತಲುಪುತ್ತದೆ. ತಂತಿ ಹುಟ್ಟಿನಿಂದಲೇ ಇದೆ. ಇಂಥ ಕಿಣ್ವದ ಪಕ್ಕದಲ್ಲಿ ನ್ಯಾನೋ ಕಾರ್ಬನ್ ಇದ್ದರೆ, ಅದರ ಸಣ್ಣ ಗುಂಡಿಗಳಲ್ಲಿ ಕಿಣ್ವ ಸರಿಯಾಗಿ ಕೂತರೆ, ನಿಜಕ್ಕೂ ಲಾಭ ಇದೆ. ಆರ್ಗಾನ್ ಬಿಟ್ಟು ಆಮ್ಲಜನಕ ಓಡಿಸಿ, ಮಧ್ಯವರ್ತಿ ಏನೂ ಹಾಕದೆ, ಗ್ಲೂಕೋಸ್ ಸೇರಿಸಿದರೆ ಇದರ ಕರೆಂಟ್ ಏರುತ್ತದೆ.